ಅಡಿವೆಪ್ಪನ ಜೇಡ

ಬಲೆ ನೇಯದೆ, ನೆಲದಲ್ಲಿ ಬಿಲ ತೋಡಿಕೊಂಡು ಬೇಟೆಗೆ ಹೊಂಚುಹಾಕುವ ಆ ತೋಳಜೇಡವನ್ನು ಹೊಸ ಜಾತಿಯೆಂದು ಮೊದಲು ಗುರುತಿಸಿದವನು ಅಡಿವೆಪ್ಪ. ಅದಕ್ಕೆ ತನ್ನ ಹೆಸರಿಟ್ಟು ಅಮರನಾಗುವ ಆಸೆ ಅವನಿಗೆ. ಆದರೆ ಕಂಡುಹಿಡಿದವರೇ ತಮ್ಮ ಹೆಸರಿಡುವುದು ವಿಜ್ಞಾನಿಗಳ ವಲಯದಲ್ಲಿ ನಾಚಿಕೆಗೇಡಿನ ಕೆಲಸ.

"ಅಡಿವೆಪ್ಪನ ಜೇಡ ಅಂತ ಬರದೀರಿ. ಇದು ನಿಮ್ಮ ಹೆಸರ ಅಲ್ಲೇನ್ರಿ?" ವಿಜ್ಞಾನ ಪತ್ರಿಕೆಯ ಸಂಪಾದಕರು ಫೋನಿನಲ್ಲಿ ಕೇಳಿದರು.

"ನಮ್ಮ ಅಜ್ಜಾರ ಹೆಸರ್ರೀ. ಅವರ ನೆನಪಿಗೆ ಇಟ್ಟೇನಿ."

ಅಜ್ಜ ಜೇಡ ಕಂಡರೆ ಚಪ್ಪಲಿ ಹುಡುಕುತ್ತಿದ್ದರು. ಆದರೂ ಅಜ್ಜನ ಹೆಸರನ್ನು ಮೊಮ್ಮಕ್ಕಳಿಗಿಡುವ ಪದ್ಧತಿ ಎಷ್ಟು ಒಳ್ಳೆಯದೆಂದು ಅವನಿಗೆ ಅಂದೇ ಮನವರಿಕೆಯಾಯಿತು.

ಲೇಖನ ಅಚ್ಚಾದ ವಾರದಲ್ಲೇ ತಂಗಿ ಸಂತೆಯಿಂದ ಸುದ್ದಿ ತಂದಳು. "ಅಣ್ಣಾ, ಬಸ್‌ಸ್ಟ್ಯಾಂಡಿನ್ಯಾಗ ದೊಡ್ಡ ಬ್ಯಾನರ್ ಕಟ್ಯಾರ. ಜೇಡಕ್ಕ ತಮ್ಮ ಹೆಸರ ಕೊಟ್ಟು ಊರಿನ ಕೀರ್ತಿ ಹೆಚ್ಚಿಸಿದ ಅಡಿವೆಪ್ಪನವರಿಗೆ ಅಭಿನಂದನೆ ಅಂತ."

ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ. "ಫೋಟೊ ಛಲೋ ಬಂದೈತೇನ?"

"ಭಾಳ ಛಲೋ ಬಂದೈತಿ. ಈ ಸಲ ಇಲೆಕ್ಷನ್‌ಗೆ ನಿಂತಾನಲ್ಲ, ನಮ್ಮ ಕಾಕಾನ ಮಗ ಅಡಿವೆಪ್ಪ, ಅವಂದು."