ಹನ್ನೊಂದು ಪುಕ್ಕದ ಮಿಂಚುಳ್ಳಿ

“ಏಳನೇತ್ತಕ್ಕ ಸಾಲಿ ಬಿಟ್ಟವಗ ಹನ್ನೆರಡರ ತನಕಾನೂ ಎಣಿಸಾಕ ಬರಂಗಿಲ್ಲ ನೋಡ್ರಿ,” ಎಂದು ಕೆರೆಗಳ ತನಿಖೆಗೆ ಬರುವ ತಡಸದ ಸಾಹೇಬ ನನ್ನ ಚಿತ್ರವನ್ನು ಎತ್ತಿ ಹಿಡಿದ. ಪಂಚಾಯಿತಿ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಯಂತ್ರಗಳೇ ಸುಳ್ಳು ಫೋಟೋ ಹುಟ್ಟಿಸತೊಡಗಿದ ಮೇಲೆ, ಫೋಟೋಗಳನ್ನು ಯಾವ ಕಚೇರಿಯೂ ನಂಬದೆ ಈಗ ಹತ್ತು ವರ್ಷ. ಕೆರೆಯಲ್ಲಿ ಹಕ್ಕಿ ಇದೆಯೆನ್ನಲು ಕಣ್ಣಾರೆ ಕಂಡು ಕೈಯಾರೆ ಬರೆದ ಚಿತ್ರವೇ ಸಾಕ್ಷಿ. ಇಂದು ಇದನ್ನು ಒಪ್ಪದಿದ್ದರೆ, ಹಕ್ಕಿಯಿಲ್ಲದ ಕೆರೆಯೆಂದು ನಾಳೆ ನಮ್ಮ ಕೆರೆಗೆ ಮಣ್ಣು ಸುರಿದು ಮುಚ್ಚುತ್ತಾರೆ.

“ಮಿಂಚುಳ್ಳಿ ಬಾಲಕ್ಕ ಹನ್ನೆರಡು ಪುಕ್ಕ. ನೀ ಬರದದ್ದು ಹನ್ನೊಂದು. ಮನ್ಯಾಗ ಕುಂತು ಬರದಿಯೇನಪಾ ಮೌನೇಶ?”

“ಕಂಡಿದ್ದ ಬರದೀನ್ರಿ. ಮೊನ್ನೆ ಯಾರೋ ಬಲೆ ಹಾಕಿದ್ರು. ತಪ್ಪಿಸ್ಕೊಂಡೈತಿ, ಒಂದು ಪುಕ್ಕ ಅಲ್ಲೇ ಕಿತ್ತೈತಿ.”

ಸಾಹೇಬನ ದನಿ ಒಮ್ಮೆಲೇ ಮೆತ್ತಗಾಯಿತು. “ಹಂಗಾರ ಅದರ ಗೂಡು ಯಾವ ದಂಡ್ಯಾಗ ಐತಿ ಹೇಳು. ನಾವ ಹೋಗಿ ನೋಡಿ ಸಹಿ ಹಾಕ್ತೀವಿ.” ಉತ್ತರಕ್ಕೆ ಕಾಯುತ್ತ, ಎಂದಿನ ಚಟದಂತೆ ಜೇಬಿನಿಂದ ಪುಕ್ಕವೊಂದನ್ನು ತೆಗೆದು ಕಿವಿಯಲ್ಲಿ ತಿರುವತೊಡಗಿದ.

ನೀಲಿ ಪುಕ್ಕ. ಅದೇ ನೀಲಿಯನ್ನು ಹದಕ್ಕೆ ತರಲು ನಾನು ಮೂರು ದಿನ ಬಣ್ಣ ಅರೆದಿದ್ದೆ.

“ಯಾವ ದಂಡಿ? ಬಾಯಿಲ್ಲೇನಲೇ?”

ಚಿತ್ರವನ್ನು ಅವನ ಕೈಯಿಂದ ತೆಗೆದುಕೊಂಡು ಸುರುಳಿ ಸುತ್ತಿ ಮೆಟ್ಟಿಲಿಳಿದೆ. ಕೆರೆ ಎಡಕ್ಕಿತ್ತು. ಯಾರಾದರೂ ಹಿಂದೆ ಬಂದಾರೆಂದು ಬಲಕ್ಕೆ ತಿರುಗಿ ನಡೆದೆ.