ಕಿವಿಯೊಳಗಿನ ಮರಳು

ಪ್ರವಾಸಿಯೊಬ್ಬಳಿಗೆ ವಾರದ ಮಟ್ಟಿಗೆ ಬಾಡಿಗೆಗೆ ಕೊಟ್ಟಿದ್ದ ನನ್ನ ದೇಹ ಇವತ್ತು ಬೆಳಿಗ್ಗೆ ವಾಪಸ್ ಸಿಕ್ಕಿತು. ಅವಳು ಕಾರವಾರ ಸುತ್ತಿ ಮುಗಿಸಿ, ಮುಂದಿನ ಊರಲ್ಲಿ ಇನ್ಯಾರದೋ ದೇಹ ಹೊಕ್ಕಳಂತೆ. ನಿಯಮದಂತೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿಯೇ ಒಪ್ಪಿಸಿದ್ದಳು. ಆದರೂ ಕಿವಿಯೊಳಗೆ ಮರಳು ಉಳಿದಿತ್ತು. ಇದೇ ಊರಲ್ಲಿ ಹುಟ್ಟಿದ ನಾನು ಸಮುದ್ರಕ್ಕಿಳಿದು ಎಷ್ಟು ವರ್ಷವಾಯಿತೋ!

ಮಧ್ಯಾಹ್ನ ನನ್ನ ಗಂಡ ಸಿಗಡಿ ಹುರಿದು ತಂದಿಟ್ಟರು. ಅವರು ಒಲೆ ಹಚ್ಚಿದ್ದನ್ನೇ ನಾನು ಕಂಡವಳಲ್ಲ. ಹೊಟ್ಟೆ ಉರಿದುಹೋಯಿತು.

“ಅವಳು ಕಲಿಸಿದ್ದಾ?” ಅಂದೆ.

“ಕಲಿಸಲಿಲ್ಲ. ಮಾಡಿಕೊಡಿ ಅಂದಳು, ಮಾಡಿಕೊಟ್ಟೆ. ನೀನು ಯಾವತ್ತಾದರೂ ಕೇಳಿದ್ದೀಯಾ, ಪ್ರಫುಲ್ಲಾ?”

ಬೈಯಲೆಂದು ಬಾಯಿ ತೆರೆದೆ. ಕೆನ್ನೆ ನೋಯುತ್ತಿತ್ತು, ವಾರವಿಡೀ ನಕ್ಕವರಿಗೆ ನೋಯುವ ಹಾಗೆ.