ಬಿಸಿ ಬಾನೆಟ್

ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಟಿಕ್. ಕರೆಂಟು ಹೋಗಿ ಕೂಲರ್ ನಿಂತಿರದಿದ್ದರೆ ನಾಗರತ್ನಾಳಿಗೆ ಅದು ಕೇಳುತ್ತಲೇ ಇರಲಿಲ್ಲ. ಸದ್ದು ಕಾರಿನ ಶೆಡ್ಡಿನಿಂದ ಬರುತ್ತಿತ್ತು. ಗಂಡ ಮಲ್ಲೇಶ ಮಾನ್ವಿಯ ಅಕ್ಕಿ ಗಿರಣಿಯಲ್ಲೇ ಉಳಿದಿದ್ದ. ಮೊಬೈಲಿನ ಬೆಳಕು ಹಿಡಿದು ಅವಳೊಬ್ಬಳೇ ಹೊರಗೆ ಬಂದಳು.

ಬಾನೆಟ್ ಮೇಲೆ ಇಟ್ಟ ಕೈಯನ್ನು ಸರಕ್ಕನೆ ತೆಗೆದಳು. ಸುಡುತ್ತಿತ್ತು. ಯುಗಾದಿಯಿಂದ ಆ ಕಾರು ಕದಲಿಲ್ಲವೆಂದೇ ಅವಳು ತಿಳಿದಿದ್ದಳು. ಅವಸರಕ್ಕೆ ಆಸ್ಪತ್ರೆಗೆ ಓಡಬೇಕಾದರೆ ನಿಂತ ಗಾಡಿ ಕೈಕೊಡಬಾರದೆಂದು ಬ್ಯಾಟರಿಗೆ ಸೋಲಾರ್ ಚಾರ್ಜರ್ ತರಿಸಿದವಳೂ ಅವಳೇ. ಮೊರದಷ್ಟಗಲದ ಪ್ಯಾನೆಲನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ದಿನವೂ ಅದರ ಧೂಳು ಒರೆಸುತ್ತಿದ್ದಳು.

ಕಾರಿನೊಳಗೆ ಯಾರೋ ಮಾತಾಡಿದರು.

“ಟ್ರ್ಯಾಕ್ಟರ್ ಟ್ರಾಲಿ ನಿಂತದ, ಬಲಕ್ಕ ತಗೋರಿ ಅಂದೆ. ನೀವು ಕೇಳ್ಲಿಲ್ಲ.”

“ನೀ ಅನ್ನೂದ ತಡಾ ಆತು.”

ನಾಗರತ್ನಾ ಗಾಜಿಗೆ ಬೆಳಕು ಹಿಡಿದಳು. ಸ್ಟೇರಿಂಗ್ ಹಿಡಿದು ಮಾವ ಗಡಿಗೆಪ್ಪ ಕೂತಿದ್ದರು, ಪಕ್ಕದಲ್ಲಿ ಅತ್ತೆ ಚನ್ನಮಲ್ಲಮ್ಮ. ಇನ್ನು ಗಾಡಿ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಮಾವನಿಗೆ ಹೇಳಿ ಆರು ತಿಂಗಳಾಗಿತ್ತು. ಊಟಕ್ಕೆ ಕೂತರೆ, “ಬಲಕ್ಕ ಪಲ್ಯ ಅದ, ಎಡಕ್ಕ ಚಟ್ನಿ ಅದ” ಎಂದು ಅತ್ತೆ ಹೇಳಿದ ಮೇಲೆಯೇ ಅವರ ಕೈ ತಾಟಿಗೆ ಇಳಿಯುತ್ತಿತ್ತು.

“ಮಾವಾರ, ಎಲ್ಲಿಗೆ ಹೋಗಿದ್ರಿ?”

“ಗಬ್ಬೂರು ತನಕ. ಹಗಲಾದ್ರ ಮಂದಿ ಇರ್ತಾರ. ರಾತ್ರಿ ರಸ್ತಾ ಖಾಲಿ.”

“ನಿಮಗ ಕಾಣಂಗಿಲ್ಲಲ್ರೀ...”

“ಇಕಿಗೆ ಕಾಣ್ತದಲ್ಲ. ಇಕಿ ಹೇಳ್ತಾಳ, ನಾ ತಿರುಗಸ್ತೀನಿ. ಇದೇನು ಮೊದಲನೇ ಸಲನಾ?” ಗಡಿಗೆಪ್ಪ ನಕ್ಕು ಕೆಳಗಿಳಿದರು. “ಸುಮ್ಮನ ನಿಂದ್ರಿಸಿದ್ರ ಕೆಡತದ ಅಂತ ನೀನ ಹೇಳಿದ್ದೆಲ್ಲವಾ. ಆ ಮಾತು ಗಾಡಿಗಷ್ಟ ಏನು?”

ಗೋಡೆ ಸವರುತ್ತ ಅವರು ಒಳಗೆ ಹೋದರು. ನಾಗರತ್ನಾ ಬೆಳಕನ್ನು ಕಾರಿನ ಎಡಗಡೆಗೆ ಹೊರಳಿಸಿದಳು. ಕನ್ನಡಿ ಇರಲಿಲ್ಲ. ಅದು ಮುರಿದ ಜಾಗದಲ್ಲಿ ಒಂದು ಹಿಡಿ ಭತ್ತದ ಹುಲ್ಲು ಸಿಕ್ಕಿಕೊಂಡಿತ್ತು.

ಚನ್ನಮಲ್ಲಮ್ಮ ಅವಳ ಮುಂಗೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. “ಟ್ರಾಲಿ ಅಷ್ಟ ಅಲ್ಲವಾ. ಬಾಜೂಕ ಒಬ್ಬಾಂವ ಕುಂತು ಗಾಲಿ ಬಿಚ್ಚಾಕತ್ತಿದ್ದ. ತಲಿ ಎತ್ತಿ ನನ್ನ ಮಾರಿ ನೋಡಿದ. ಒಂದ ಗೇಣು ಉಳೀತು. ಇವರಿಗೆ ಹೇಳಿಲ್ಲ ನಾ.”

“ಬ್ಯಾಡ ಅನಬಾರದೇನ್ರಿ ಅತ್ತ್ಯಾರ?”

“ಹ್ಯಾಂಗ ಅನಲಿ? ನಿಮಗ ಕಾಣಂಗಿಲ್ಲ ಅಂತ ನಾ ಇವತ್ತಿನ ತನಕ ಬಾಯಿಬಿಟ್ಟು ಅಂದಿಲ್ಲ.”

ನಾಗರತ್ನಾಳಿಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ತಲೆ ಎತ್ತಿದ ಆ ಮುಖ. ಕೀಲಿಕೈ ಬಚ್ಚಿಟ್ಟರೆ ಮಾವ ಕೇಳುತ್ತಾರೆ, ಕಾರಣ ಹೇಳಬೇಕಾಗುತ್ತದೆ. ಬ್ಯಾಟರಿ ಸತ್ತರೆ ತಪ್ಪು ಗಾಡಿಯದಾಗುತ್ತದೆ, ಕಣ್ಣಿನದಲ್ಲ. ಬೆಳಕು ಹರಿಯುತ್ತಲೇ ಪ್ಯಾನೆಲ್ ಮಗುಚಿಡಲು ಹೊರಗೆ ಹೋದಳು. ಅಷ್ಟರಲ್ಲಾಗಲೇ ಚನ್ನಮಲ್ಲಮ್ಮ ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಒಂದಿಷ್ಟೂ ಸಂದು ಬಿಡದೆ ಸಂಡಿಗೆ ಇಡುತ್ತಿದ್ದರು. ಸೊಸೆಯತ್ತ ಒಮ್ಮೆ ನೋಡಿ ಮತ್ತೆ ಹಿಟ್ಟಿಗೆ ಕೈ ಹಾಕಿದರು.

ನಾಗರತ್ನಾ ಕಾರಿನ ಬಾಗಿಲು ತೆಗೆದು ಒಳಗಿನ ದೀಪ ಹಚ್ಚಿ, ಅದನ್ನು ಆರಿಸದೆ ಹಾಗೇ ಮುಚ್ಚಿದಳು. ಮಲ್ಲೇಶನಿಗಾಗಲಿ ಮತ್ಯಾರಿಗಾಗಲಿ ಇದನ್ನು ಹೇಳಬಾರದು ಎಂದುಕೊಂಡಳು.

ಗಡಿಗೆಪ್ಪ ಬಂದು ಬಾನೆಟ್ ಸವರಿದರು. ಗಾಜಿನಾಚೆ ಉರಿಯುತ್ತಿದ್ದ ದೀಪಕ್ಕೆ ಮುಖವೊಡ್ಡಿ ನಿಂತು ಕೇಳಿದರು, “ಪ್ಯಾನೆಲ್ ಮ್ಯಾಲ ಬಿಸಲು ಬಿದ್ದದೇನವಾ?”

“ಬಿದ್ದದ್ರಿ ಮಾವಾರ.”